ಪ್ರಥಮ ಸಂಶೋಧನ ಪ್ರಬಂಧ

ಪದವಿ ತರಗತಿಯ ಕೊನೆಯ ವರ್ಷದಲ್ಲಿ ಸಂಶೋಧನ ಪ್ರಬಂಧವನ್ನು ಬರೆಯಬೇಕಾದ ವಿದ್ಯಾರ್ಥಿಯು ಸಾಮಾನ್ಯವಾಗಿ ಅತಿ ದೊಡ್ಡ ವಿಷಯಕ್ಕೆ ಕೈಹಾಕುವನು. ‘ಪರಮಾಣುವಿನ ರಚನೆ’, ‘ನಕ್ಷತ್ರಗಳ ಜೀವನ’ ಎಂಬಂಥ ಶೀರ್ಷಿಕೆಗಳು ನೋಡಲು ಭವ್ಯವಾಗಿರುವುವು. ಆದರೆ ವರ್ಷವು ತೀರಿದರೂ ಆ ಕೆಲಸವು ತೀರುವುದಿಲ್ಲ. ವಿಷಯವು ಬೇರೆ, ಪ್ರಶ್ನೆಯು ಬೇರೆ. ಪ್ರಬಂಧಕ್ಕೆ ಬೇಕಾದುದು ಪ್ರಶ್ನೆ. ಇದಕ್ಕೊಂದು ನಿದರ್ಶನವನ್ನು ನೋಡೋಣ.

1928ರಲ್ಲಿ ಜರ್ಮನಿಯ ಭೌತವಿಜ್ಞಾನಿ ಆರ್ನಾಲ್ಡ್ ಸೊಮರ್‌ಫೆಲ್ಡರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಬಂದಿದ್ದರು. ಅಲ್ಲಿ ಆನರ್ಸ್ ತರಗತಿಯಲ್ಲಿ ಓದುತ್ತಿದ್ದ ಸುಬ್ರಹ್ಮಣ್ಯನ್ ಚಂದ್ರಶೇಖರರು ಅವರನ್ನು ಕಂಡು, ಅವರ ಗ್ರಂಥವನ್ನು ತಾವು ಓದಿರುವುದಾಗಿ ತಿಳಿಸಿದರು. ಆ ಗ್ರಂಥವನ್ನು ಬರೆದ ಮೇಲೆ ಭೌತವಿಜ್ಞಾನವೇ ಬದಲಾಗಿದೆಯೆಂದು ಹೇಳಿ, ಸೊಮರ್‌ಫೆಲ್ಡರು ಲೋಹಗಳಲ್ಲಿನ ಎಲೆಕ್ಟ್ರಾನುಗಳನ್ನು ಕುರಿತ ತಮ್ಮ ಹೊಸ ಲೇಖನದ ಕರಡಚ್ಚನ್ನು ಕೊಟ್ಟರು. ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನುಗಳು ಇರಲಾರವೆಂಬ ತತ್ತ್ವದ ಮೇಲೆ ಫರ್ಮಿ ಮತ್ತು ಡಿರಾಕರು ರೂಪಿಸಿದ್ದ ಹೊಸ ಸಂಖ್ಯಾಶಾಸ್ತ್ರವೇ ಅದರ ಆಧಾರ.

ಎಕ್ಸ್-ಕಿರಣವು ಎಲೆಕ್ಟ್ರಾನಿಗೆ ತಾಗಿ ಚೆದರುವಾಗ ಅದರ ಅಲೆಯುದ್ದವು ಹೆಚ್ಚುವುದೆಂಬ ಕಾಂಪ್ಟನ್ನರ ಶೋಧವು 1923ರಲ್ಲಿಯೇ ಪ್ರಕಟವಾಗಿದ್ದಿತು. ಎಲೆಕ್ಟ್ರಾನುಗಳು ಹೊಸ ಸಂಖ್ಯಾಶಾಸ್ತ್ರಕ್ಕೆ ಒಳಪಟ್ಟಿದ್ದರೆ ಈ ಚೆದರಿಕೆಯಲ್ಲಿ ಏನು ಕಾಣುವುದು? ಚಂದ್ರಶೇಖರರು ಎತ್ತಿಕೊಂಡ ಪ್ರಶ್ನೆಯು ಇಷ್ಟೇ. ಕೆಲವೇ ತಿಂಗಳುಗಳಲ್ಲಿ ಪ್ರಬಂಧವು ಸಿದ್ಧವಾಯಿತು. 1929ರ ಆರಂಭದಲ್ಲಿ ಅದನ್ನು ಅವರು ಕೇಂಬ್ರಿಡ್ಜಿನ ಫೌಲರರಿಗೆ ಕಳುಹಿಸಿದರು. ಇದೇ ಸಂಖ್ಯಾಶಾಸ್ತ್ರವನ್ನು ಶ್ವೇತಕುಬ್ಜಗಳೆಂಬ ಕುಗ್ಗಿದ ನಕ್ಷತ್ರಗಳಿಗೆ 1926ರಲ್ಲಿ ಅನ್ವಯಿಸಿದ್ದವರು ಫೌಲರರೇ. ಸಣ್ಣ ತಿದ್ದುಪಡಿಗಳಾದ ಬಳಿಕ ಪ್ರಬಂಧವು ಅದೇ ವರ್ಷ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಲೇಖಕರಿಗೆ ಆಗ 18 ವರ್ಷ.

ಇದರಿಂದ ವಿದ್ಯಾರ್ಥಿಯು ಕಲಿಯತಕ್ಕದ್ದು ಏನು? ಮೊದಲನೆಯದಾಗಿ, ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ಅದು ಸಾಧ್ಯವಾಗದಿದ್ದರೆ ಪ್ರಶ್ನೆಯು ಇನ್ನೂ ಕಿರಿದಾಗಬೇಕು. ಎರಡನೆಯದಾಗಿ, ಉತ್ತರಕ್ಕೆ ಬೇಕಾದ ಗಣಿತ, ಉಪಕರಣ, ಕಾಲ ಇವು ತನ್ನಲ್ಲಿ ಉಂಟೇ ಎಂದು ಪರೀಕ್ಷಿಸಬೇಕು. ಮೂರನೆಯದಾಗಿ, ಹಿಂದಿನವರ ಲೇಖನಗಳನ್ನು ಓದುವಾಗ ಅವರು ಎಲ್ಲಿಯವರೆಗೆ ಬಂದು ನಿಂತರೆಂಬುದನ್ನು ಗುರುತಿಸಿಕೊಂಡು, ಲೇಖಕರ ಹೆಸರು, ವರ್ಷ, ಪುಟಗಳನ್ನು ಓದಿದ ದಿನವೇ ಬರೆದಿಡಬೇಕು. ನಾಲ್ಕನೆಯದಾಗಿ, ಪ್ರಬಂಧವನ್ನು ಒಪ್ಪಿಸಬೇಕಾದ ದಿನದಿಂದ ಹಿಂದಕ್ಕೆ ಎಣಿಸಿ ಕಾಲವನ್ನು ಹಂಚಿಕೊಳ್ಳಬೇಕು. ಕೊನೆಗೆ ಒಂದು ತಿಂಗಳಾದರೂ ಉಳಿದಿರುವಾಗಲೇ ಕರಡು ಪ್ರತಿಯು ವಿಷಯವನ್ನು ಬಲ್ಲವರ ಕೈಸೇರಬೇಕು. ಬಂದ ಫಲವು ನಿರೀಕ್ಷೆಗೆ ವಿರುದ್ಧವಾಗಿದ್ದರೂ ಅದನ್ನು ಇದ್ದಂತೆಯೇ ಬರೆಯಬೇಕು.

ಹೀಗೆ ಮುಗಿಸಿದ ಚಿಕ್ಕ ಕೆಲಸವು ವ್ಯರ್ಥವಾಗುವುದಿಲ್ಲ. 1930ರಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುತ್ತಿದ್ದಾಗ ಚಂದ್ರಶೇಖರರು ಅದೇ ಸಂಖ್ಯಾಶಾಸ್ತ್ರಕ್ಕೆ ಸಾಪೇಕ್ಷತಾ ಸಿದ್ಧಾಂತವನ್ನು ಕೂಡಿಸಿ, ಶ್ವೇತಕುಬ್ಜಗಳ ರಾಶಿಗೆ ಒಂದು ಮಿತಿಯುಂಟೆಂದು ಕಂಡರು. ನಕ್ಷತ್ರಗಳ ರಚನೆ ಮತ್ತು ವಿಕಾಸವನ್ನು ಕುರಿತ ಸಂಶೋಧನೆಗಾಗಿ 1983ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಆ ಸಂಖ್ಯಾಶಾಸ್ತ್ರದಲ್ಲಿ ಅವರ ಕೈ ಪಳಗಿದ್ದುದು ಮದರಾಸಿನ ಆ ಪ್ರಬಂಧದಲ್ಲಿ.