ಜೆಮಿನಿಡ್ಸ್ ಉಲ್ಕಾವೃಷ್ಟಿ: ನೋಡುವ ಕ್ರಮ, ಬಳಸುವ ಪದ

ಸೂರ್ಯನನ್ನು ಸುತ್ತುತ್ತಿರುವ ಸಣ್ಣ ಕಲ್ಲಿನ ಚೂರು, ಮರಳಿನ ಕಣದಷ್ಟಿದ್ದರೂ, ಉಲ್ಕಾಕಾಯ. ಅದು ವಾಯುಮಂಡಲಕ್ಕೆ ನುಗ್ಗಿ, ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಉರಿಯುವಾಗ ಕಾಣುವ ಬೆಳಕಿನ ಗೆರೆ ಉಲ್ಕೆ. ಉರಿದು ಉಳಿದು ನೆಲಕ್ಕೆ ಬಿದ್ದದ್ದು ಉಲ್ಕಾಶಿಲೆ. ಶುಕ್ರಗ್ರಹವನ್ನೂ ಮೀರಿ ಬೆಳಗಿದ ಉಲ್ಕೆಗೆ ಅಗ್ನಿಗೋಳ ಎನ್ನುತ್ತಾರೆ. ಈ ಪದಗಳು ಕಲಸಿಹೋದಾಗಲೇ ಉಲ್ಕಾವೃಷ್ಟಿಯೆಂದರೆ ಊರ ಮೇಲೆ ಕಲ್ಲು ಸುರಿಯುತ್ತದೆಂಬ ಭಯ ಹುಟ್ಟುವುದು. ವೃಷ್ಟಿಯ ಕಣಗಳು ಬಹುತೇಕ ಮೇಲೆಯೇ ಉರಿದುಹೋಗುತ್ತವೆ.

ಕರ್ನಾಟಕದವರಿಗೆ ಹೇಳಿ ಮಾಡಿಸಿದಂತಿರುವುದು ಡಿಸೆಂಬರ್ 13–14ರ ಜೆಮಿನಿಡ್ಸ್. ಹೆಚ್ಚು ಹೆಸರಾದ ಪರ್ಸೀಡ್ಸ್ ಆಗಸ್ಟ್‌ನಲ್ಲಿ ಬಂದು ಮಳೆಮೋಡದ ಪಾಲಾಗುತ್ತದೆ. ಜೆಮಿನಿಡ್ಸ್‌ನ ಮೂಲ 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹ; ಹೆಚ್ಚಿನ ವೃಷ್ಟಿಗಳಿಗೆ ಧೂಮಕೇತುಗಳೇ ಮೂಲ. ಜೆಮಿನಿಡ್ಸ್‌ನ ಕಣಗಳ ವೇಗ ಸೆಕೆಂಡಿಗೆ 35 ಕಿಲೋಮೀಟರ್, ಪರ್ಸೀಡ್ಸ್‌ನದು 59. ಆದ್ದರಿಂದ ಈ ಉಲ್ಕೆಗಳ ಓಟ ಕೊಂಚ ನಿಧಾನ, ಹೊಸಬರ ಕಣ್ಣಿಗೂ ಸಿಗುತ್ತವೆ.

ಗೆರೆಗಳನ್ನು ಹಿಂದಕ್ಕೆ ಎಳೆದರೆ ಎಲ್ಲವೂ ಮಿಥುನ ರಾಶಿಯ ಕ್ಯಾಸ್ಟರ್ ನಕ್ಷತ್ರದ ಬಳಿ ಸೇರುತ್ತವೆ. ಅದು ವಿಕಿರಣ ಬಿಂದು. ಅಲ್ಲಿಗೇ ದಿಟ್ಟಿಸುವುದು ಹೊಸಬರ ರೂಢಿ, ಆದರೆ ಅಲ್ಲಿ ಕಾಣುವುದು ಮೋಟು ಗೆರೆಗಳು. ಉದ್ದನೆಯವು ಬೇಕಿದ್ದರೆ ಅದರಿಂದ ದೂರಕ್ಕೆ, ಕತ್ತಲು ದಟ್ಟವಾಗಿರುವ ಕಡೆಗೆ ನೋಡಬೇಕು. ರಾತ್ರಿ ಎರಡರ ಸುಮಾರಿಗೆ ಬಿಂದು ನೆತ್ತಿಯ ಹತ್ತಿರ ಬರುತ್ತದೆ.

ನಿರಾಸೆಗೆ ಮುಖ್ಯ ಕಾರಣ ಸುದ್ದಿಯಲ್ಲಿ ಬರುವ ‘ಗಂಟೆಗೆ 150’ ಎಂಬ ಅಂಕಿ. ಅದು ಬಿಂದು ನಡುನೆತ್ತಿಯಲ್ಲಿದ್ದು, 6.5 ಕಾಂತಿಮಾನದ (ಅಂಕಿ ಹೆಚ್ಚಿದಷ್ಟೂ ಮಂಕು) ನಕ್ಷತ್ರಗಳೂ ಬರಿಗಣ್ಣಿಗೆ ಕಾಣುವ ಆಕಾಶದ ಲೆಕ್ಕ. ಕಾಣುವ ಮಿತಿ ಒಂದು ಕಾಂತಿಮಾನ ಇಳಿದರೆ ಉಲ್ಕೆಗಳ ಸಂಖ್ಯೆ ಸುಮಾರು ಎರಡೂವರೆ ಪಟ್ಟು ಕುಸಿಯುತ್ತದೆ. ಊರಂಚಿನಲ್ಲಿ ಮಿತಿ 4.5 ಇದ್ದರೆ 150 ಎಂಬುದು 25ಕ್ಕೂ ಕೆಳಗಿಳಿಯುತ್ತದೆ. ಬೆಂಗಳೂರಿನ ಮಹಡಿಯ ಮೇಲೆ ಅಷ್ಟೂ ಕಷ್ಟ.

ಈ ಲೇಖಕನ ಅನುಭವದಲ್ಲಿ ದೂರದರ್ಶಕಕ್ಕಿಂತ ಚಾಪೆ, ಕಂಬಳಿಗಳೇ ಉಪಯುಕ್ತ. ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು–ಮೂವತ್ತು ನಿಮಿಷ ಬೇಕು. ಒಮ್ಮೆ ಮೊಬೈಲ್ ತೆರೆದರೆ ಮತ್ತೆ ಮೊದಲಿನಿಂದ. ಒಂದೇ ಹದದಲ್ಲಿ ತೆವಳುವ ಚುಕ್ಕಿ ಉಪಗ್ರಹ, ಅದನ್ನು ಎಣಿಸಬಾರದು. ಹೊರಡುವ ಮುನ್ನ ಪಂಚಾಂಗ ನೋಡಿಕೊಳ್ಳಿ: ಹುಣ್ಣಿಮೆಯ ಆಸುಪಾಸಿಗೆ ಬಂದ ಜೆಮಿನಿಡ್ಸ್‌ಗಾಗಿ ನಿದ್ದೆಗೆಡುವುದು ಬಹುಮಟ್ಟಿಗೆ ದಂಡ.