ಕೀ ತಿರುಗಿಸಿದಾಗ ದೀಪ ನೋಡಿ

ಹೊಗೆಸೊಪ್ಪಿನ ದುಡ್ಡು ಕೈಗೆ ಬಂದಮೇಲೆ ಕಟ್ಟೆಮಳಲವಾಡಿ ಕಡೆಯ ಹುಡುಗರು ಸೆಕೆಂಡ್ ಹ್ಯಾಂಡ್ ಬೈಕ್ ತರುವುದುಂಟು. ತಮ್ಮಂದಿರೇ, 2020ರ ಏಪ್ರಿಲ್‌ನಿಂದೀಚಿನ ಬಿಎಸ್ 6 ಗಾಡಿಯಾದರೆ, ಕೀ ಆನ್ ಮಾಡಿದಾಗ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಳ್ಳಬೇಕು, ಸ್ಟಾರ್ಟ್ ಆದಮೇಲೆ ಆರಬೇಕು. ಹೊತ್ತಿಕೊಳ್ಳದಿದ್ದರೇ ನನಗೆ ಹೆಚ್ಚು ಅನುಮಾನ: ದೋಷ ಮುಚ್ಚಿಡಲು ಯಾರೋ ದೀಪವನ್ನೇ ಕಿತ್ತಿರಬಹುದು. ಆರದೆ ಉಳಿದರೆ ಮೊದಲು ಬ್ಯಾಟರಿ ಟರ್ಮಿನಲ್ ಬಿಗಿಯಾಗಿದೆಯೇ, ಸೆನ್ಸರ್ ಕನೆಕ್ಟರ್‌ಗೆ ನೀರು ಸೇರಿದೆಯೇ ನೋಡಿ. ಗದ್ದೆ ಕೆಸರು ಹೋಗಲೆಂದು ಜೋರಾಗಿ ನೀರು ಹೊಡೆಸಿದಾಗ ಹೀಗಾಗುವುದುಂಟು. ಎಬಿಎಸ್ ದೀಪ ಗಾಡಿ ಸ್ವಲ್ಪ ಉರುಳಿದ ಮೇಲೆಯೇ ಆರುತ್ತದೆ, ಗಾಬರಿ ಬೇಡ. ಕೆಂಪು ಆಯಿಲ್ ದೀಪ ಓಡಿಸುವಾಗ ಹೊತ್ತಿದರೆ ಮಾತ್ರ ಅಲ್ಲೇ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಹಳದಿ ದೀಪ ಮತ್ತೆ ಬಂದರೆ ವೈರು ಕೀಳಿಸಬೇಡಿ, ಸ್ಕ್ಯಾನರ್ ಇರುವ ಮೆಕ್ಯಾನಿಕ್ ಹತ್ತಿರ ಕೋಡ್ ಓದಿಸಿ.