ನೀರಿನ ಭಯ: ಮೊದಲು ಉಸಿರು, ಆಮೇಲೆ ಈಜು

ನೇತ್ರಾವತಿ, ಕುಮಾರಧಾರಾ, ಪಯಸ್ವಿನಿ. ಸಾಲದ್ದಕ್ಕೆ ಅಡಿಕೆ ತೋಟದ ಕೆರೆಗಳು, ತೋಡಿನ ಕಟ್ಟಗಳು. ಇಷ್ಟು ನೀರಿರುವ ಪುತ್ತೂರು, ಸುಳ್ಯ, ಕಡಬದಲ್ಲೂ ಸೊಂಟಮಟ್ಟದ ನೀರಿಗಿಳಿಯಲು ನಡುಗುವವರಿದ್ದಾರೆ. ಧೈರ್ಯ ಬರಲೆಂದು ಚಿಕ್ಕಂದಿನಲ್ಲಿ ಯಾರೋ ಕೆರೆಗೆ ದೂಡಿದ್ದೇ ಕೆಲವರ ಭಯಕ್ಕೆ ಮೂಲ. ದೂಡಿ ಕಲಿಸುವ ಪದ್ಧತಿ ಇನ್ನಾದರೂ ನಿಲ್ಲಲಿ.

ಕಲಿಯಲು ತೋಟದ ಕೆರೆ ಬೇಡ. ಅಂಚಿನಲ್ಲೇ ಆಳ, ಮುರಕಲ್ಲಿನ ಮೇಲೆ ಪಾಚಿ. ಪುತ್ತೂರಿನ ಪರ್ಲಡ್ಕದಲ್ಲಿ, ಶಿವರಾಮ ಕಾರಂತರ ಬಾಲವನದಲ್ಲೇ ಈಜುಕೊಳವಿದೆ. ಅಂಥ ಕಡೆ, ನೆಲ ಕಾಲಿಗೆ ಸಿಗುವಷ್ಟೇ ನೀರಿನಲ್ಲಿ ಕಲಿಯಿರಿ. ಭಯವಿದೆ ಎಂದು ತರಬೇತುದಾರರಿಗೆ ಮೊದಲೇ ಹೇಳಿ, ನಾಚಿಕೆ ಬೇಡ.

ಮೊದಲ ಪಾಠ ಮನೆಯಲ್ಲೇ. ಅಗಲ ಪಾತ್ರೆಯ ನೀರಿನಲ್ಲಿ ಮುಖವಿಟ್ಟು ಮೂಗು, ಬಾಯಿಯಿಂದ ನಿಧಾನಕ್ಕೆ ಗುಳ್ಳೆ ಬಿಡಿ. ತಲೆಯೆತ್ತಿ ಬಾಯಿಯಿಂದ ಉಸಿರೆಳೆದುಕೊಳ್ಳಿ. ಉಸಿರು ಹೊರಹೋಗುತ್ತಿರುವಾಗ ಮೂಗಿಗೆ ನೀರು ನುಗ್ಗುವುದಿಲ್ಲ. ಇದು ಸಲೀಸಾಗುವವರೆಗೆ ಮುಂದಿನದಕ್ಕೆ ಅವಸರ ಮಾಡಬೇಡಿ.

ಕೊಳದಲ್ಲಿ ಗೋಡೆ ಹಿಡಿದು ನಡೆಯಿರಿ, ಮುಖ ಅದ್ದಿ, ಆಮೇಲೆ ಕಿವಿ ಮುಳುಗಿಸಿ. ಬಳಿಕ ಕಲಿಯಬೇಕಾದದ್ದು ತೇಲುವುದನ್ನಲ್ಲ, ಎದ್ದು ನಿಲ್ಲುವುದನ್ನು: ಮೊಣಕಾಲು ಹೊಟ್ಟೆಯತ್ತ ಎಳೆದು, ಕೈಯಿಂದ ನೀರು ಒತ್ತಿ, ಪಾದ ನೆಲಕ್ಕೂರಿ ತಲೆಯೆತ್ತುವುದು. ಬೇಕೆಂದಾಗ ನಿಲ್ಲಬಲ್ಲೆ ಎಂದು ಗೊತ್ತಾದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಈಗ ತೇಲುವುದು. ತರಬೇತುದಾರರ ಕೈ ಬೆನ್ನಡಿಯಲ್ಲಿರಲಿ. ಎದೆ ತುಂಬ ಉಸಿರಿದ್ದರೆ ಹೆಚ್ಚಿನವರು ತೇಲುತ್ತಾರೆ. ಹೆದರಿ ತಲೆಯೆತ್ತಿದೊಡನೆ ಕಾಲು ಮುಳುಗುತ್ತದೆ. ಆದ್ದರಿಂದ ಕಿವಿ ನೀರೊಳಗೆ, ಕಣ್ಣು ಆಕಾಶದತ್ತ. ಬೆನ್ನಿಗೆ ಜೋಡಿ ಒಣತೆಂಗಿನಕಾಯಿ ಕಟ್ಟುವ ನಮ್ಮೂರ ಉಪಾಯ ತೇಲಿಸುತ್ತದೆ ನಿಜ, ಉಸಿರಾಟ ಕಲಿಸದು. ಮತ್ತೆ ಭಯವಾಯಿತೇ? ಹಿಂದಿನ ಹಂತಕ್ಕೆ ಮರಳಿ, ಅದೇನೂ ಸೋಲಲ್ಲ.

ಆದರೆ ಒಂದು ಭಯ ಉಳಿಯಲೇಬೇಕು. ಆಟಿಯ ಮಳೆಗೆ ಸುಬ್ರಹ್ಮಣ್ಯದ ಸ್ನಾನಘಟ್ಟದಲ್ಲಿ ಕುಮಾರಧಾರಾ ಕೆಂಪಾಗಿ ಹರಿಯುವಾಗ, ಉಪ್ಪಿನಂಗಡಿಯ ಸಂಗಮ ಉಕ್ಕುವಾಗ, ಕೊಳದಲ್ಲಿ ಕಲಿತ ಈಜು ನೆಚ್ಚಿ ಇಳಿಯಬೇಡಿ. ಯಾರಾದರೂ ಮುಳುಗುತ್ತಿದ್ದರೆ ಹೊಸದಾಗಿ ಕಲಿತವರು ಹಾರುವುದೂ ಬೇಡ: ದಡದಲ್ಲೇ ಗಟ್ಟಿಯಾಗಿ ಕುಳಿತು ಅಡಿಕೆ ದೋಟಿಯ ಕತ್ತಿಯಿಲ್ಲದ ತುದಿ ಚಾಚಿ, ಇಲ್ಲವೇ ಹಗ್ಗ ಎಸೆಯಿರಿ, ಕೂಗಿ ಜನ ಸೇರಿಸಿ, 112ಕ್ಕೆ ಕರೆ ಮಾಡಿ.